ಮೈದಾನಕ್ಕೆ ಮರಳುವ ಮುನ್ನ

2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ವೆಸ್ಟ್ ಇಂಡೀಸ್‌ನ ಮರ್ವಿನ್ ಡಿಲನ್ ಎಸೆದ ಚೆಂಡು ಬಡಿದು ಅನಿಲ್ ಕುಂಬ್ಳೆ ಅವರ ದವಡೆ ಮುರಿಯಿತು. ತಲೆಯಿಂದ ಗದ್ದದವರೆಗೆ ಪಟ್ಟಿ ಸುತ್ತಿಕೊಂಡು ಬಂದ ಅವರು ಸತತ 14 ಓವರ್ ಎಸೆದು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿ, ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಬಂದರು. ಆ ಚಿತ್ರವನ್ನು ಮರೆತ ಕನ್ನಡಿಗರಿಲ್ಲ. ಆದರೆ ಅದಕ್ಕೆ ಮುಂಚೆ ಇದೇ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ತಂಡದಿಂದ ಹೊರಗಿದ್ದರು. 2001ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು ಮಣಿಸಿದ ಆ ಐತಿಹಾಸಿಕ ಸರಣಿಯಲ್ಲಿ ಅವರು ಆಡಲೇ ಇಲ್ಲ ಎಂಬುದು ಎಷ್ಟು ಜನರಿಗೆ ನೆನಪಿದೆ? ಅವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರ. ಅಂದರೆ ಆ ದೊಡ್ಡ ಕ್ರೀಡಾ ಬದುಕಿನ ಎರಡನೆಯ ಅರ್ಧವನ್ನು ನಮಗೆ ಕೊಟ್ಟದ್ದು ಭುಜ ವಾಸಿಯಾಗುವ ತನಕ ಕಾದ ಅವರ ತಾಳ್ಮೆ.

ನಾವು ಗಾಯದಲ್ಲೂ ಆಡಿದವರನ್ನು ಹೊಗಳುತ್ತೇವೆ. ಗಾಯ ಮಾಯುವ ತನಕ ಕಾದವರ ಮಾತೆತ್ತುವುದಿಲ್ಲ. ಊರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯಿಂದ ಹಿಡಿದು ಕಾಲೇಜು ತಂಡದವರೆಗೆ ಈ ಮನೋಭಾವ ಹಬ್ಬಿದೆ. ಅದರ ಬೆಲೆಯನ್ನು ತೆರುತ್ತಿರುವವರು ಹದಿನೆಂಟು ಇಪ್ಪತ್ತರ ಹರೆಯದವರು. ಮಂಡಿಯ ಲಿಗಮೆಂಟ್ ಹರಿದ ಮೇಲೆ ಆಟ ಬಿಟ್ಟ ಒಬ್ಬನಾದರೂ ಇಲ್ಲದ ಊರು ಕಬಡ್ಡಿ ನಾಡಿನಲ್ಲಿ ಸಿಗುವುದು ಕಷ್ಟ. ಆಟದ ಗಾಯ ಎಂದರೇನು, ಮೊದಲ ದಿನಗಳಲ್ಲಿ ಏನು ಮಾಡಬೇಕು, ಶಸ್ತ್ರಚಿಕಿತ್ಸೆ ಎಷ್ಟು ಮುಖ್ಯ, ಅದಾದ ಮೇಲೆ ಏನು, ಮನಸ್ಸಿನ ಪಾಡೇನು, ಯಾವಾಗ ಮರಳಬಹುದು ಎಂಬ ಪ್ರಶ್ನೆಗಳನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಎರಡು ಬಗೆಯ ಗಾಯ

ಆಟದ ಗಾಯಗಳಲ್ಲಿ ಎರಡು ಬಗೆ. ಒಂದು, ಥಟ್ಟನೆ ಆಗುವಂಥದ್ದು: ಪಾದದ ಗಿಣ್ಣು ಉಳುಕುವುದು, ಓಡುವಾಗ ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಹಿಡಿದುಕೊಳ್ಳುವುದು, ಭುಜದ ಕೀಲು ತಪ್ಪುವುದು, ಮಂಡಿಯ ಲಿಗಮೆಂಟ್ ಹರಿಯುವುದು. ಇನ್ನೊಂದು, ದಿನದಿನವೂ ಒಂದೇ ಜಾಗಕ್ಕೆ ಬೀಳುವ ಹೊರೆಯಿಂದ ಕೂಡಿಕೊಂಡು ಬರುವಂಥದ್ದು: ವೇಗದ ಬೌಲರ್‌ಗಳ ಕೆಳಬೆನ್ನಿನ ಮೂಳೆ ಬಿರುಕು, ಓಟಗಾರರ ಮೊಣಕಾಲ ಕೆಳಗಿನ ಮೂಳೆ ನೋವು, 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ಕಾಡಿದ ಟೆನಿಸ್ ಎಲ್ಬೊ. ಮೈಸೂರಿನ ಜಾವಗಲ್ ಶ್ರೀನಾಥ್ ಅವರ ಭುಜದ ರೊಟೇಟರ್ ಕಫ್ 1997ರಲ್ಲಿ ಕೈಕೊಟ್ಟಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದ ಅವರು 2003ರ ವಿಶ್ವಕಪ್ ಫೈನಲ್‌ವರೆಗೂ ಬೌಲ್ ಮಾಡಿದರು.

ಎಲ್ಲ ಗಾಯಗಳೂ ಒಂದೇ ವೇಗದಲ್ಲಿ ಮಾಯುವುದಿಲ್ಲ. ಸ್ನಾಯುವಿಗೆ ರಕ್ತದ ಹರಿವು ಚೆನ್ನಾಗಿರುವುದರಿಂದ ಸಣ್ಣ ಸೀಳು ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮೂಳೆ ಕೂಡಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬೇಕು. ಸ್ನಾಯುವನ್ನು ಮೂಳೆಗೆ ಬಿಗಿಯುವ ಟೆಂಡನ್, ಮೂಳೆಗೆ ಮೂಳೆಯನ್ನು ಕಟ್ಟುವ ಲಿಗಮೆಂಟ್ ಇವೆರಡೂ ನಿಧಾನ. ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆಯ ಒಳಅಂಚಿಗೆ ರಕ್ತವೇ ಹರಿಯುವುದಿಲ್ಲವಾದ್ದರಿಂದ ಅಲ್ಲಿನ ಸೀಳು ತಾನಾಗಿ ಕೂಡುವುದು ಅಪರೂಪ.

ಮಾಯುವ ಕ್ರಿಯೆಗೂ ಒಂದು ಕ್ರಮವಿದೆ. ಮೊದಲ ಕೆಲವು ದಿನ ಊತ ಮತ್ತು ಉರಿ. ಆಮೇಲೆ ಕೆಲವು ವಾರ ಹೊಸ ಅಂಗಾಂಶ ಬೆಳೆಯುವ ಕಾಲ. ಅದಾದ ಮೇಲೆ ಆ ಅಂಗಾಂಶ ಬೀಳುವ ಹೊರೆಗೆ ತಕ್ಕಂತೆ ಗಟ್ಟಿಯಾಗುವ ತಿಂಗಳುಗಳು. ಎರಡನೆಯ ಹಂತದ ಕೊನೆಗೆ ನೋವು ಬಹುತೇಕ ಇಳಿದಿರುತ್ತದೆ, ಆದರೆ ಬಲ ಬಂದಿರುವುದಿಲ್ಲ. ನೋವು ಹೋದದ್ದನ್ನೇ ವಾಸಿಯಾದದ್ದು ಎಂದು ತಿಳಿದು ಅಂಗಳಕ್ಕೆ ಇಳಿದವರಿಗೆ ಮತ್ತೆ ಪೆಟ್ಟಾಗುವುದು ಹೆಚ್ಚಾಗಿ ಈ ಘಟ್ಟದಲ್ಲೇ.

ಮೊದಲ ಮೂರು ದಿನ

ಗಾಯವಾದ ಕೂಡಲೇ ವಿಶ್ರಾಂತಿ, ಐಸ್, ಒತ್ತುಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ಸೂತ್ರ ದೈಹಿಕ ಶಿಕ್ಷಣದ ಪಾಠ ಕೇಳಿದವರಿಗೆಲ್ಲ ಗೊತ್ತು. ಈ ನಾಲ್ಕನ್ನು ಸೇರಿಸಿ ‘ರೈಸ್’ ಎಂಬ ಹೆಸರನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮರ್ಕಿನ್. ಐಸ್ ಮತ್ತು ಪೂರ್ತಿ ವಿಶ್ರಾಂತಿ ಎರಡೂ ಮಾಯುವಿಕೆಯನ್ನು ತಡ ಮಾಡಬಹುದು ಎಂದು 2014ರಲ್ಲಿ ಅವರೇ ತಿದ್ದಿಕೊಂಡರು. 2019ರಲ್ಲಿ ಕೆನಡಾದ ಫಿಸಿಯೋಥೆರಪಿ ತಜ್ಞರು ‘ಪೀಸ್ ಅಂಡ್ ಲವ್’ ಎಂಬ ಹೊಸ ಸೂತ್ರ ಮುಂದಿಟ್ಟರು. ಮೊದಲ ಒಂದೆರಡು ದಿನ ಗಾಯದ ಜಾಗವನ್ನು ಕಾಪಾಡುವುದು, ಎತ್ತರದಲ್ಲಿಡುವುದು, ಪಟ್ಟಿ ಬಿಗಿಯುವುದು, ಉರಿ ಶಮನದ ಮಾತ್ರೆಗಳನ್ನು ಸುಮ್ಮಸುಮ್ಮನೆ ನುಂಗದಿರುವುದು. ಆಮೇಲೆ ಹಂತಹಂತವಾಗಿ ಹೊರೆ ಕೊಡುವುದು, ರಕ್ತ ಚೆನ್ನಾಗಿ ಹರಿಯುವಂಥ ಹಗುರ ವ್ಯಾಯಾಮ ಮಾಡುವುದು, ಧೈರ್ಯ ಕಳೆದುಕೊಳ್ಳದಿರುವುದು ಇದರ ಸಾರ. ನೋವು ಕಡಿಮೆ ಮಾಡಲು ಹತ್ತು ಹದಿನೈದು ನಿಮಿಷ ಬಟ್ಟೆ ಸುತ್ತಿದ ಐಸ್ ಇಡುವುದರಲ್ಲಿ ತಪ್ಪಿಲ್ಲ, ಆದರೆ ಐಸ್‌ನಿಂದಲೇ ಗಾಯ ಮಾಯುತ್ತದೆ ಎಂದು ನಂಬಬೇಕಿಲ್ಲ.

ಮಾಡಬಾರದ ಕೆಲಸಗಳು ನಮ್ಮ ಮೈದಾನಗಳಲ್ಲಿ ಹೆಚ್ಚು ನಡೆಯುತ್ತವೆ. ಊದಿಕೊಂಡ ಮಂಡಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು, ಉಳುಕಿದ ಪಾದವನ್ನು ‘ನೆಟಿಗೆ ತೆಗೆಯುತ್ತೇನೆ’ ಎಂದು ಎಳೆಯುವುದು, ಸ್ಪ್ರೇ ಹೊಡೆದು ನೀ ಕ್ಯಾಪ್ ಏರಿಸಿ ಮತ್ತೆ ಅಂಕಣಕ್ಕೆ ಕಳಿಸುವುದು, ಇವೆಲ್ಲ ಒಳಗಿನ ರಕ್ತಸ್ರಾವ ಹೆಚ್ಚಿಸಿ ಸಣ್ಣ ಸೀಳನ್ನು ದೊಡ್ಡದು ಮಾಡುತ್ತವೆ. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆಯನ್ನೂ ಇಡಲಾಗದಿದ್ದರೆ, ಪಾದದ ಗಿಣ್ಣಿನ ಮೂಳೆಯನ್ನು ಹಿಂಬದಿಯಿಂದ ಒತ್ತಿದಾಗ ಜೀವ ಹೋಗುವಂತೆ ನೋವಾದರೆ, ಕೀಲಿನ ಆಕಾರವೇ ಬದಲಾಗಿದ್ದರೆ ತಡಮಾಡದೆ ಎಕ್ಸ್‌ರೇ ತೆಗೆಸಬೇಕು. ತಲೆಗೆ ಪೆಟ್ಟಾಗಿ ಕ್ಷಣಕಾಲ ಮಂಕು ಕವಿದರೂ ಆ ದಿನ ಆಟ ಮುಗಿಯಿತು ಎಂದೇ ತಿಳಿಯಬೇಕು. 2014ರಲ್ಲಿ ಕುತ್ತಿಗೆಗೆ ಚೆಂಡು ಬಡಿದು ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ತೀರಿಕೊಂಡ ಮೇಲೆ ಕ್ರಿಕೆಟ್ ಜಗತ್ತು ಈ ವಿಷಯದಲ್ಲಿ ಎಚ್ಚೆತ್ತಿತು. 2019ರ ಆಗಸ್ಟ್‌ನಿಂದ ತಲೆಪೆಟ್ಟು ಬಿದ್ದವರ ಬದಲಿಗೆ ಇನ್ನೊಬ್ಬರನ್ನು ಆಡಿಸಲು ಐಸಿಸಿ ಅವಕಾಶ ಕೊಟ್ಟಿದೆ.

ಮೂಳೆ ಕಟ್ಟುವವರ ಮಾತೂ ಇಲ್ಲಿ ಬರಬೇಕು. ‘ಪುತ್ತೂರು ಕಟ್ಟು’ ಎಂಬ ಫಲಕ ಬೆಂಗಳೂರಿನ ಬಡಾವಣೆಗಳಲ್ಲೂ ಕಾಣುತ್ತದೆ. ಆಂಧ್ರದ ಪುತ್ತೂರಿನಿಂದ ಹಬ್ಬಿದ ಈ ವಿದ್ಯೆಯ ಮೇಲೆ ಜನರಿಗೆ ನಂಬಿಕೆಯೂ ಇದೆ, ಅದಕ್ಕೆ ತಗಲುವ ಖರ್ಚೂ ಕಡಿಮೆ. ಆದರೆ ಮಂಡಿಯೊಳಗೆ ಲಿಗಮೆಂಟ್ ಹರಿದಿದೆಯೇ ಎಂಬುದು ಕಟ್ಟು ಹಾಕುವವರಿಗೆ ಕೈಯಲ್ಲಿ ಮುಟ್ಟಿ ತಿಳಿಯುವ ವಿಷಯವಲ್ಲ. ಎಕ್ಸ್‌ರೇಯಲ್ಲೂ ಲಿಗಮೆಂಟ್ ಕಾಣುವುದಿಲ್ಲ. ‘ಎಕ್ಸ್‌ರೇ ನಾರ್ಮಲ್ ಇದೆ’ ಎಂಬ ಮಾತು ಕೇಳಿ ಸಮಾಧಾನ ಪಟ್ಟು ಆರು ತಿಂಗಳು ಕಳೆದ ಮೇಲೆ, ಮೆನಿಸ್ಕಸ್ ಕೂಡ ಹರಿದುಕೊಂಡು ಬರುವ ಹುಡುಗರು ಎಷ್ಟೋ ಮಂದಿ. ಪಳಗಿದ ಮೂಳೆ ವೈದ್ಯರು ಮಂಡಿಯನ್ನು ಹಿಡಿದು ಎಳೆದು ನೋಡುವ ಪರೀಕ್ಷೆ, ಬೇಕಾದರೆ ಎಂಆರ್‌ಐ, ಇವೆರಡರಿಂದಲೇ ನಿಜ ತಿಳಿಯುವುದು.

ಮಂಡಿಯ ದೊಡ್ಡ ಪ್ರಶ್ನೆ

ಇಷ್ಟೆಲ್ಲ ಗಾಯಗಳ ನಡುವೆ ಆಟಗಾರರನ್ನು ಹೆಚ್ಚು ಹೆದರಿಸುವ ಹೆಸರು ಎಸಿಎಲ್. ತೊಡೆಮೂಳೆಯನ್ನು ಕೆಳಗಿನ ಮೂಳೆಗೆ ಬಿಗಿದು, ಕಾಲು ತಿರುಚಿದಾಗ ಮಂಡಿ ಜಾರದಂತೆ ತಡೆಯುವ ಲಿಗಮೆಂಟ್ ಇದು. ಇದು ಹರಿಯಲು ಯಾರೂ ಗುದ್ದಬೇಕಿಲ್ಲ. ಓಡುತ್ತಿದ್ದವನು ಗಕ್ಕನೆ ನಿಂತು ದಿಕ್ಕು ಬದಲಿಸಿದಾಗ, ಜಿಗಿದು ಒಂಟಿಕಾಲಿನ ಮೇಲೆ ಇಳಿದಾಗ, ಪಾದ ನೆಲದಲ್ಲಿ ನಿಂತು ಮೈ ಮಾತ್ರ ತಿರುಗಿದರೆ ಸಾಕು. ಕಬಡ್ಡಿಯಲ್ಲಿ ಈ ಸಂದರ್ಭಗಳು ನಿಮಿಷಕ್ಕೊಮ್ಮೆ ಒದಗುತ್ತವೆ. ಬೋನಸ್ ಗೆರೆಯತ್ತ ಕಾಲು ಚಾಚಿದ ರೈಡರ್‌ನ ಪಾದವನ್ನು ಒಬ್ಬ ಆ್ಯಂಕಲ್ ಹೋಲ್ಡ್ ಮಾಡಿ ಹಿಡಿದಾಗ, ಪಕ್ಕದಿಂದ ಇನ್ನೊಬ್ಬ ಬಂದು ಮೈಮೇಲೆ ಬಿದ್ದಾಗ, ಇಡೀ ಭಾರ ತಿರುಚಿಕೊಳ್ಳುವುದು ಮಂಡಿಯ ಮೇಲೆಯೇ. ‘ಟಕ್’ ಎಂದು ಶಬ್ದ ಕೇಳಿತು, ಎರಡು ಮೂರು ಗಂಟೆಯಲ್ಲಿ ಮಂಡಿ ಊದಿತು, ಆಮೇಲೆ ಮೆಟ್ಟಿಲು ಇಳಿಯುವಾಗ ಕಾಲು ಜಾರಿದಂತಾಗುತ್ತದೆ: ಈ ಮೂರೂ ಸೇರಿದರೆ ಎಸಿಎಲ್ ಹರಿದಿರುವ ಅನುಮಾನ ಬಲವಾಗುತ್ತದೆ.

ಹರಿದದ್ದು ಗೊತ್ತಾದ ಕೂಡಲೇ ಮನೆಯವರು ಕೇಳುವ ಮೊದಲ ಮಾತು, ಆಪರೇಷನ್ ಬೇಕೇ ಎಂಬುದು. ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಸ್ವೀಡನ್‌ನಲ್ಲಿ 121 ಯುವ ಗಾಯಾಳುಗಳ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಅರ್ಧ ಮಂದಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿ ವ್ಯಾಯಾಮ ಚಿಕಿತ್ಸೆ ಕೊಟ್ಟರು. ಉಳಿದವರಿಗೆ ಮೊದಲು ವ್ಯಾಯಾಮ ಚಿಕಿತ್ಸೆ, ಬೇಕೆನಿಸಿದರೆ ಮಾತ್ರ ಆಮೇಲೆ ಶಸ್ತ್ರಚಿಕಿತ್ಸೆ. ಎರಡು ವರ್ಷದ ಕೊನೆಗೆ ಎರಡು ಗುಂಪುಗಳ ಮಂಡಿಯ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅಷ್ಟರವರೆಗೆ ಶಸ್ತ್ರಚಿಕಿತ್ಸೆಯೇ ಬೇಕಾಗಿರಲಿಲ್ಲ. ಅಂದಮಾತ್ರಕ್ಕೆ ಕಬಡ್ಡಿ, ಫುಟ್‌ಬಾಲ್, ಕುಸ್ತಿಯಂಥ ಆಟಗಳಿಗೆ ಪೂರ್ಣವಾಗಿ ಮರಳಬೇಕೆನ್ನುವವರಿಗೂ, ನಡೆಯುವಾಗಲೇ ಮಂಡಿ ಜಾರುವವರಿಗೂ ಶಸ್ತ್ರಚಿಕಿತ್ಸೆ ಬೇಡವೆಂದು ಅರ್ಥವಲ್ಲ. ಅವಸರ ಬೇಡ, ಮೊದಲು ಊತ ಇಳಿಸಿ, ಮಂಡಿ ಪೂರ್ತಿ ನೇರವಾಗುವಂತೆ ಮಾಡಿ, ತೊಡೆಗೆ ಬಲ ತುಂಬಿ, ಆಮೇಲೆ ವೈದ್ಯರೊಂದಿಗೆ ಕೂತು ತೀರ್ಮಾನಿಸಿ ಎಂಬುದು ಅದರ ಪಾಠ.

ಶಸ್ತ್ರಚಿಕಿತ್ಸೆಯಲ್ಲಿ ಹರಿದ ಲಿಗಮೆಂಟನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ಹ್ಯಾಮ್‌ಸ್ಟ್ರಿಂಗ್‌ನಿಂದಲೋ ಮಂಡಿಚಿಪ್ಪಿನ ಕೆಳಗಿನ ಟೆಂಡನ್‌ನಿಂದಲೋ ಒಂದು ಎಳೆ ತೆಗೆದು ಮೂಳೆಯೊಳಗೆ ಸುರಂಗ ಕೊರೆದು ನೆಡುತ್ತಾರೆ. ಸಸಿಮಡಿಯಿಂದ ಕಿತ್ತು ಗದ್ದೆಗೆ ನಾಟಿ ಮಾಡಿದ ಪೈರು ಬೇರು ಹಿಡಿಯುವ ಮೊದಲು ಕೆಲವು ದಿನ ಸೊರಗಿ ಹಳದಿಗಟ್ಟುವುದಲ್ಲವೇ, ಈ ಎಳೆಯ ಕಥೆಯೂ ಹಾಗೆಯೇ. ನೆಟ್ಟ ಮೊದಲ ತಿಂಗಳುಗಳಲ್ಲಿ ಅದು ಮೊದಲಿಗಿಂತ ದುರ್ಬಲವಾಗುತ್ತದೆ. ಆಮೇಲೆ ರಕ್ತನಾಳಗಳು ಹಬ್ಬಿ, ನಿಧಾನಕ್ಕೆ ಲಿಗಮೆಂಟಿನ ಗುಣ ಪಡೆಯುತ್ತದೆ. ಶಸ್ತ್ರಚಿಕಿತ್ಸಕರ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ, ಉಳಿದ ಒಂಬತ್ತು ಹತ್ತು ತಿಂಗಳ ಕೆಲಸ ಆಟಗಾರನದು ಮತ್ತು ಫಿಸಿಯೋದು. ನಮ್ಮಲ್ಲಿ ತಪ್ಪುತ್ತಿರುವುದು ಇಲ್ಲಿಯೇ. ಖಾಸಗಿ ಆಸ್ಪತ್ರೆಯ ಲಕ್ಷ ದಾಟುವ ಬಿಲ್ಲಿಗೆ ಸಾಲವನ್ನಾದರೂ ಮಾಡಿ ಹಣ ಹೊಂದಿಸುವ ಮನೆಯವರು, ಆಮೇಲಿನ ಫಿಸಿಯೋಥೆರಪಿಗೆ ವಾರಕ್ಕೆರಡು ಬಾರಿ ತಾಲ್ಲೂಕು ಕೇಂದ್ರಕ್ಕೆ ಹೋಗುವುದನ್ನು ದಂಡದ ಖರ್ಚು ಎಂದು ನಿಲ್ಲಿಸಿಬಿಡುತ್ತಾರೆ. ಅರ್ಧಕ್ಕೆ ನಿಂತ ವ್ಯಾಯಾಮದಿಂದ ಶಸ್ತ್ರಚಿಕಿತ್ಸೆಗೆ ಹಾಕಿದ ದುಡ್ಡೂ ವ್ಯರ್ಥವಾಗುತ್ತದೆ.

ತಿಂಗಳುಗಳ ಕೆಲಸ

ಈ ತಿಂಗಳುಗಳಲ್ಲಿ ನಡೆಯುವುದೇನು? ಮೊದಲ ವಾರಗಳಲ್ಲಿ ಎರಡೇ ಗುರಿ: ಮಂಡಿ ಪೂರ್ತಿ ನೇರವಾಗಬೇಕು, ತೊಡೆಯ ಮುಂಭಾಗದ ಸ್ನಾಯು ಎಚ್ಚರಗೊಳ್ಳಬೇಕು. ಮಂಡಿಯಲ್ಲಿ ಊತವಿದ್ದರೆ ಆ ಸ್ನಾಯುವಿಗೆ ನರದ ಆಜ್ಞೆ ಸರಿಯಾಗಿ ತಲುಪುವುದಿಲ್ಲ. ತೊಡೆ ಕೆಲವೇ ದಿನಗಳಲ್ಲಿ ಕಣ್ಣಿಗೆ ಕಾಣುವಷ್ಟು ಬಡವಾಗುವುದು ಇದರಿಂದ. ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಮಂಡಿಯನ್ನು ಹಾಸಿಗೆಗೆ ಒತ್ತುವುದು, ಕಾಲನ್ನು ನೇರವಾಗಿಟ್ಟು ಎತ್ತುವುದು, ಇಂಥ ಬೇಸರ ತರಿಸುವ ಸಣ್ಣ ವ್ಯಾಯಾಮಗಳೇ ಆಗ ದೊಡ್ಡ ಕೆಲಸ. ಈ ಹಂತದಲ್ಲಿ ಮಂಡಿ ನೇರವಾಗದೆ ಉಳಿದರೆ ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಆಮೇಲೆ ಕುಂಟದೆ ನಡೆಯುವುದು, ಸೈಕಲ್ ತುಳಿಯುವುದು, ಕುರ್ಚಿಯಿಂದ ಏಳುವಂತೆ ಬಸ್ಕಿ ಹೊಡೆಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು. ಮೂರು ನಾಲ್ಕು ತಿಂಗಳ ಹೊತ್ತಿಗೆ, ಊತವಿಲ್ಲದೆ ತೊಡೆಯ ಬಲ ತಕ್ಕಷ್ಟು ಮರಳಿದ್ದರೆ, ನೇರ ದಾರಿಯಲ್ಲಿ ಹಗುರ ಓಟ. ಐದು ಆರು ತಿಂಗಳ ಆಸುಪಾಸಿನಲ್ಲಿ ಜಿಗಿತ, ಇಳಿತ, ದಿಕ್ಕು ಬದಲಿಸುವ ಅಭ್ಯಾಸ. ಅದಾದ ಮೇಲೆ ತಂಡದ ಜೊತೆ ಮೈ ತಾಕದ ಅಭ್ಯಾಸ, ಆಮೇಲೆ ಮೈ ತಾಕುವ ಅಭ್ಯಾಸ, ಕೊನೆಗೆ ಪಂದ್ಯ. ಈ ತಿಂಗಳ ಲೆಕ್ಕಗಳು ಅಂದಾಜು ಮಾತ್ರ. ಒಂದು ಹಂತದಿಂದ ಇನ್ನೊಂದಕ್ಕೆ ದಾಟಿಸುವುದು ಕಾಲಿನ ಸಾಮರ್ಥ್ಯ. ಹಿಂದಿನ ದಿನದ ಅಭ್ಯಾಸಕ್ಕೆ ಮರುದಿನ ಮಂಡಿ ಊದಿದರೆ ಹೊರೆ ಹೆಚ್ಚಾಯಿತೆಂದು ತಿಳಿದು ಒಂದು ಹೆಜ್ಜೆ ಹಿಂದಿಡಬೇಕು.

ಯಾವಾಗ ಮರಳಬಹುದು ಎಂಬುದಕ್ಕೆ ಈಗ ಸಾಕಷ್ಟು ಗಟ್ಟಿ ಪುರಾವೆ ಸಿಕ್ಕಿದೆ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳವರೆಗೆ ಮರಳುವುದನ್ನು ಒಂದೊಂದು ತಿಂಗಳು ಮುಂದಕ್ಕೆ ಹಾಕಿದಷ್ಟೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತದೆ. ತಿಂಗಳ ಜೊತೆಗೆ ಪರೀಕ್ಷೆಯೂ ಬೇಕು. ಗಾಯಗೊಂಡ ಕಾಲಿನ ತೊಡೆಯ ಬಲ ಮತ್ತು ಒಂಟಿಕಾಲಿನಲ್ಲಿ ಕುಪ್ಪಳಿಸಿ ದಾಟುವ ದೂರ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು ಎಂಬುದು ಸಾಮಾನ್ಯ ಅಳತೆ. ಕುಪ್ಪಳಿಕೆಯ ಪರೀಕ್ಷೆಗೆ ಯಂತ್ರ ಬೇಡ. ಟೇಪು ಮತ್ತು ಸುಣ್ಣದ ಗೆರೆ ಇದ್ದರೆ ಶಾಲೆಯ ಅಂಗಳದಲ್ಲೂ ಮಾಡಬಹುದು. ಇಪ್ಪತ್ತೈದರೊಳಗಿನವರು ಇನ್ನೂ ಹೆಚ್ಚು ಎಚ್ಚರವಹಿಸಬೇಕು. ಆಟಕ್ಕೆ ಮರಳಿದ ಯುವಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರಂತೆ ಅದೇ ಮಂಡಿಗೋ ಇನ್ನೊಂದು ಮಂಡಿಗೋ ಮತ್ತೆ ಪೆಟ್ಟಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳುತ್ತದೆ.

ಊಟದ ವಿಷಯವನ್ನು ಚಿಕ್ಕದಾಗಿ ಹೇಳಬೇಕೆಂದರೆ, ‘ಆಡುತ್ತಿಲ್ಲವಲ್ಲ’ ಎಂದು ಊಟ ಇಳಿಸುವುದು ತಪ್ಪು. ಸ್ನಾಯು ಕರಗದಿರಲು ಈ ಕಾಲದಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದೂವರೆಯಿಂದ ಎರಡು ಗ್ರಾಂನಷ್ಟು ಪ್ರೋಟೀನ್ ಬೇಕಾಗುತ್ತದೆ. ಮುದ್ದೆಯ ಜೊತೆ ಕಾಳಿನ ಸಾರು, ಮೊಟ್ಟೆ, ಹಾಲು, ಮೊಸರು, ಮೀನು, ಕಡಲೆಕಾಯಿ ಇವುಗಳಲ್ಲಿ ಮನೆಗೆ ಒಗ್ಗುವುದನ್ನು ಹೊತ್ತುಹೊತ್ತಿಗೆ ಹಂಚಿ ತಿಂದರೆ ದುಬಾರಿ ಪುಡಿಗಳಿಲ್ಲದೆಯೂ ನಡೆಯುತ್ತದೆ. ಬೀಡಿ, ಸಿಗರೇಟು ಗಾಯ ಮಾಯುವುದನ್ನು ತಡ ಮಾಡುತ್ತವೆ. ನೋವಿನ ಮಾತ್ರೆ ನುಂಗಿ ಆಡುವ ಅಭ್ಯಾಸ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಅದರ ಜೊತೆಗೆ, ಹೊರೆ ಹೆಚ್ಚಾಯಿತೆಂದು ಮಂಡಿ ಕೊಡುವ ಎಚ್ಚರಿಕೆಯೂ ಕೇಳದಂತಾಗುತ್ತದೆ.

ಮನಸ್ಸಿನ ಗಾಯ

ಎಸಿಎಲ್ ಶಸ್ತ್ರಚಿಕಿತ್ಸೆಯಾದವರ ಬಗೆಗಿನ ಅಧ್ಯಯನಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಶೇ 81 ಮಂದಿ ಯಾವುದಾದರೊಂದು ಆಟಕ್ಕೆ, ಶೇ 65 ಮಂದಿ ಗಾಯಕ್ಕೆ ಮುಂಚಿನ ಮಟ್ಟಕ್ಕೆ ಮರಳಿದ್ದರು. ಸ್ಪರ್ಧಾತ್ಮಕ ಆಟಕ್ಕೆ ಮರಳಿದವರು ಶೇ 55 ಮಾತ್ರ. ಮರಳದೆ ಉಳಿದವರಲ್ಲಿ ಎಲ್ಲರ ಮಂಡಿಯೂ ಕೆಟ್ಟಿರಲಿಲ್ಲ. ಮಂಡಿ ಚೆನ್ನಾಗಿದ್ದೂ ಹಿಂದೆ ಸರಿದವರು ಬಹಳ ಮಂದಿ, ಅದಕ್ಕೆ ದೊಡ್ಡ ಕಾರಣ ಮತ್ತೆ ಪೆಟ್ಟಾಗುವ ಭಯ. ಹಾಗಾಗಿಯೇ ಕ್ರೀಡಾ ವೈದ್ಯರು ಈಗ ತೊಡೆಯ ಬಲದ ಜೊತೆ ಮನಸ್ಸಿನ ಸಿದ್ಧತೆಯನ್ನೂ ಪ್ರಶ್ನಾವಳಿಯ ಮೂಲಕ ಅಳೆಯುತ್ತಾರೆ.

ಆಟವೇ ಬದುಕಾಗಿದ್ದ ಹುಡುಗನಿಗೆ ಗಾಯವೆಂದರೆ ಮೈನೋವಿಗಿಂತ ದೊಡ್ಡ ನಷ್ಟ. ಬೆಳಗ್ಗೆ ಐದಕ್ಕೆ ಏಳುವ ಕಾರಣ ಹೋಗುತ್ತದೆ. ಜೊತೆಗಾರರು ಪಂದ್ಯಕ್ಕೆಂದು ಟೆಂಪೊ ಹತ್ತುವಾಗ ಇವನು ಮನೆಯಲ್ಲಿರುತ್ತಾನೆ. ಊರಲ್ಲಿ ‘ರೈಡರ್’ ಎಂದೇ ಕರೆಸಿಕೊಂಡವನು ಈಗ ಯಾರು? ಸಿಟ್ಟು, ನಿರಾಕರಣೆ, ಮಂಕು, ನಿದ್ದೆಗೇಡು ಇವೆಲ್ಲ ಮೊದಲ ವಾರಗಳಲ್ಲಿ ಸಹಜ. ಅವು ತಿಂಗಳು ಕಳೆದರೂ ಬಿಡದಿದ್ದರೆ, ಬದುಕೇ ಬೇಡವೆನ್ನಿಸಿದರೆ, ಅದಕ್ಕೂ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮನಸ್ಸನ್ನು ಕಾಯುವ ಉಪಾಯಗಳೂ ಇವೆ. ‘ಯಾವಾಗ ಆಡುತ್ತೇನೆ’ ಎಂಬ ದೂರದ ಗುರಿಯ ಬದಲು ಈ ವಾರ ಮಂಡಿ ಎಷ್ಟು ಮಡಚಬೇಕು, ಎಷ್ಟು ಹೊತ್ತು ಒಂಟಿಕಾಲಲ್ಲಿ ನಿಲ್ಲಬೇಕು ಎಂಬ ಹತ್ತಿರದ ಗುರಿ ಇಟ್ಟುಕೊಳ್ಳುವುದು ಒಂದು. ಗಾಯವಿಲ್ಲದ ಅಂಗಗಳಿಗೆ ಅಭ್ಯಾಸ ಮುಂದುವರಿಸುವುದು ಇನ್ನೊಂದು. ಕಾಲು ಕಟ್ಟಿಸಿಕೊಂಡವನಿಗೆ ತೋಳಿನ ಕಸರತ್ತು ಮಾಡಲು ಅಡ್ಡಿಯಿಲ್ಲ. ಕಣ್ಣು ಮುಚ್ಚಿ ತನ್ನ ಆಟದ ಚಲನೆಗಳನ್ನು ಮನಸ್ಸಿನಲ್ಲೇ ಆಡಿಕೊಳ್ಳುವುದನ್ನು ಕ್ರೀಡಾ ಮನೋವಿಜ್ಞಾನಿಗಳು ಬಹಳ ಕಾಲದಿಂದ ಕಲಿಸುತ್ತಿದ್ದಾರೆ. ಎಲ್ಲಕ್ಕಿಂತ ಮುಖ್ಯ, ತಂಡದಿಂದ ದೂರವಾಗದಿರುವುದು. ಅಂಕಣದ ಹೊರಗೆ ಕೂತು ಸ್ಕೋರ್ ಬರೆದರೂ, ಕಿರಿಯರಿಗೆ ಹಿಡಿತ ಕಲಿಸಿದರೂ ಅವನು ತಂಡದವನಾಗಿಯೇ ಉಳಿಯುತ್ತಾನೆ.

ಮರಳಿದವರು ಕಲಿಸುವುದೇನು

ಗೆದ್ದು ಬಂದವರ ಕಥೆಗಳು ಧೈರ್ಯ ಕೊಡುತ್ತವೆ, ಜೊತೆಗೆ ಅವರಿಗೆ ಏನೇನು ಆಸರೆ ಇತ್ತೆಂಬುದನ್ನೂ ತೋರಿಸುತ್ತವೆ. ಸೈನಾ ನೆಹ್ವಾಲ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಂಡಿನೋವಿನಿಂದ ಬೇಗನೆ ಹೊರಬಿದ್ದು, ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷಕ್ಕೆ ಗ್ಲಾಸ್ಗೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ನೀರಜ್ ಚೋಪ್ರಾ 2019ರ ಮೇನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ ಬಿಟ್ಟುಕೊಟ್ಟು, 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸ್ ಅರ್ಹತೆ ಪಡೆದರು. ಮುಂದಿನದು ಟೋಕಿಯೊ ಚಿನ್ನದ ಇತಿಹಾಸ. 2023ರ ಆಗಸ್ಟ್‌ನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾದ ವಿನೇಶ್ ಫೋಗಟ್ ವರ್ಷ ತುಂಬುವ ಮೊದಲೇ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಫೈನಲ್‌ಗೆ ಏರಿದರು.

ನಮ್ಮ ಕೆ.ಎಲ್. ರಾಹುಲ್ ಅವರ ಉದಾಹರಣೆ ಇನ್ನೂ ಹತ್ತಿರದ್ದು. 2023ರ ಮೇ 1ರಂದು ಲಖನೌದಲ್ಲಿ ಆರ್‌ಸಿಬಿ ವಿರುದ್ಧದ ಐಪಿಎಲ್ ಪಂದ್ಯದಲ್ಲಿ ಚೆಂಡಿನ ಹಿಂದೆ ಓಡುವಾಗ ಅವರ ತೊಡೆಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ತಪ್ಪಿಸಿಕೊಂಡು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ಮುಗಿಸಿ ಬಂದ ಅವರು, ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅಜೇಯ 111 ರನ್ ಹೊಡೆದರು. ಅವರಿಗೆ ದಿನವೂ ಫಿಸಿಯೋ, ತರಬೇತುದಾರ, ಜಿಮ್, ಈಜುಕೊಳ ಎಲ್ಲ ಒಂದೇ ಆವರಣದಲ್ಲಿ ಸಿಕ್ಕವು. 2000ದಲ್ಲಿ ಶುರುವಾದ ಆ ಅಕಾಡೆಮಿಗೆ 2024ರಲ್ಲಿ ನಗರದ ಹೊರವಲಯದಲ್ಲಿ ದೊಡ್ಡ ಹೊಸ ಆವರಣವೂ ಸಿದ್ಧವಾಗಿದೆ. ಅದೇ ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಚೆಯ ಊರಿನ ಕಬಡ್ಡಿ ಆಟಗಾರನಿಗೆ ಮಂಡಿ ಹರಿದರೆ ಪುನಶ್ಚೇತನ ಎಂಬ ಮಾತನ್ನು ಹೇಳುವವರೂ ಸಿಗುವುದಿಲ್ಲ. ಇಬ್ಬರ ದೇಹವೂ ಒಂದೇ ಕ್ರಮದಲ್ಲಿ ಮಾಯುತ್ತದೆ, ಆಸರೆಯಲ್ಲಿ ಮಾತ್ರ ಈ ಅಜಗಜಾಂತರ.

ಹುಡುಗಿಯರ ಪಾಡು ಇನ್ನೂ ಕಷ್ಟದ್ದು. ಒಂದೇ ಆಟದಲ್ಲಿ ಹುಡುಗರಿಗೆ ಹೋಲಿಸಿದರೆ ಹುಡುಗಿಯರಿಗೆ ಎಸಿಎಲ್ ಹರಿಯುವ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚೆಂದು ಜಗತ್ತಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆದರೆ ಗಾಯವಾದ ಮಗಳಿಗೆ ‘ಇನ್ನು ಆಟ ಸಾಕು’ ಎನ್ನುವ ಮನೆಗಳೇ ಹೆಚ್ಚು. ವ್ಯಾಯಾಮಕ್ಕೆ ಬಿಡುವು ಕೊಡುವ ಬದಲು ಮನೆಗೆಲಸ ಹೊರಿಸುವುದೂ ಉಂಟು. ಮಗಳ ಮಂಡಿಗೂ ಮಗನ ಮಂಡಿಗೆ ಕೊಟ್ಟಷ್ಟೇ ಕಾಲ, ಅಷ್ಟೇ ಹಣ ಸಿಗಬೇಕು.

ಗಾಯಕ್ಕೆ ಮುಂಚೆ ಮಾಡಬಹುದಾದ್ದು

ಬಂದ ಗಾಯವನ್ನು ಮಾಯಿಸುವುದಕ್ಕಿಂತ ಬಾರದಂತೆ ತಡೆಯುವುದು ಅಗ್ಗ. ಫಿಫಾದ ವೈದ್ಯಕೀಯ ಕೇಂದ್ರ ರೂಪಿಸಿದ ‘11+’ ಎಂಬ ಇಪ್ಪತ್ತು ನಿಮಿಷದ ಮೈ ಬೆಚ್ಚಗಾಗಿಸುವ ವ್ಯಾಯಾಮ ಕ್ರಮವನ್ನು ತಪ್ಪದೆ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದದ್ದು ಕಂಡುಬಂದಿದೆ. ಮಂಡಿಯೂರಿ ಕೂತು, ಜೊತೆಗಾರನಿಂದ ಕಾಲು ಹಿಡಿಸಿಕೊಂಡು, ಮೈಯನ್ನು ನಿಧಾನವಾಗಿ ಮುಂದಕ್ಕೆ ಬಾಗಿಸುವ ‘ನಾರ್ಡಿಕ್’ ವ್ಯಾಯಾಮ ಹ್ಯಾಮ್‌ಸ್ಟ್ರಿಂಗ್ ಗಾಯಗಳನ್ನು ಅರ್ಧದಷ್ಟು ಇಳಿಸುತ್ತದೆ. ಎರಡಕ್ಕೂ ದುಡ್ಡು ಬೇಡ, ಉಪಕರಣ ಬೇಡ, ಜಾಗ ಮತ್ತು ಶಿಸ್ತು ಇದ್ದರೆ ಆಯಿತು. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ, ಎರಡೂ ಕಾಲಿನ ಮೇಲೆ ಮೆತ್ತಗೆ ಇಳಿಯುವುದನ್ನು ಶಾಲೆಯಲ್ಲೇ ಕಲಿಸಿದರೆ ಎಷ್ಟೋ ಮಂಡಿಗಳು ಉಳಿಯುತ್ತವೆ.

ಒಟ್ಟು ನೋಡಿದರೆ ತೀರ್ಮಾನ ಇಷ್ಟು. ಆಟದ ಗಾಯ ಈಗ ಕ್ರೀಡಾ ಬದುಕಿನ ಕೊನೆಯಾಗಬೇಕಿಲ್ಲ. ಸರಿಯಾದ ಪತ್ತೆ, ಅವಸರವಿಲ್ಲದ ಚಿಕಿತ್ಸೆ, ಅರ್ಧಕ್ಕೆ ಬಿಡದ ವ್ಯಾಯಾಮ, ಪರೀಕ್ಷೆ ಮಾಡಿ ಮರಳುವುದು, ಮನಸ್ಸಿಗೆ ಆಸರೆ ಎಂಬ ಐದರಲ್ಲಿ ನಾವು ಸೋಲುತ್ತಿರುವುದು ಹೆಚ್ಚಾಗಿ ಕೊನೆಯ ಮೂರರಲ್ಲಿ. ಅವಕ್ಕೆ ಬೇಕಾದದ್ದು ದೊಡ್ಡ ಆಸ್ಪತ್ರೆಗಳಿಗಿಂತ ಹೆಚ್ಚಾಗಿ ತಾಲ್ಲೂಕಿಗೊಬ್ಬ ಕ್ರೀಡೆ ಬಲ್ಲ ಫಿಸಿಯೋಥೆರಪಿಸ್ಟ್ ಮತ್ತು ಕಾಯುವ ಮನಸ್ಸಿರುವ ತಂಡ.

ಪಂದ್ಯಾವಳಿ ನಡೆಸುವವರಲ್ಲಿ ಒಂದು ಬೇಡಿಕೆ: ಬಹುಮಾನದ ಹಣದಲ್ಲಿ ಒಂದು ಪಾಲನ್ನು ಗಾಯಾಳುಗಳ ಚಿಕಿತ್ಸೆಗೆ ತೆಗೆದಿಡಿ, ಅಂಕಣದ ಬಳಿ ಒಬ್ಬ ಫಿಸಿಯೋ ಇರುವಂತೆ ನೋಡಿಕೊಳ್ಳಿ. ಕಷ್ಟದಲ್ಲಿರುವ ಕ್ರೀಡಾಪಟುಗಳಿಗೆಂದು 1982ರಲ್ಲೇ ಸ್ಥಾಪನೆಯಾದ ಕೇಂದ್ರದ ಕ್ರೀಡಾಪಟು ಕಲ್ಯಾಣ ನಿಧಿಯ ಬಗ್ಗೆ ನಿಮ್ಮ ಆಟಗಾರರಿಗೆ ತಿಳಿಸಿ. ತರಬೇತುದಾರರೇ, ಗಾಯಗೊಂಡವರ ಹೆಸರನ್ನು ತಂಡದ ಪಟ್ಟಿಯಿಂದ ಹೊಡೆದುಹಾಕಬೇಡಿ. ತಂದೆತಾಯಂದಿರೇ, ಆಪರೇಷನ್‌ಗೆ ಹೊಂದಿಸಿದ ಹಾಗೆಯೇ ಒಂಬತ್ತು ತಿಂಗಳ ಫಿಸಿಯೋಥೆರಪಿಗೂ ಹಣ, ಸಮಯ ಎತ್ತಿಡಿ. ಆಟಗಾರರೇ, ಮುಂದಿನ ಪಂದ್ಯಾವಳಿಯ ದಿನಾಂಕ ನೋಡಿ ಮರಳುವ ದಿನ ಗೊತ್ತುಮಾಡಬೇಡಿ. ನಿಮ್ಮ ಕಾಲು ಪರೀಕ್ಷೆಯಲ್ಲಿ ಗೆದ್ದ ದಿನವೇ ನೀವು ಮರಳುವ ದಿನ. ಅಲ್ಲಿಯವರೆಗಿನ ಪ್ರತಿದಿನದ ವ್ಯಾಯಾಮವೂ ಆಟವೇ ಎಂದು ತಿಳಿದು ಮಾಡಿ.